ಮೇಲಿನ ತಗಡು ಮಾತ್ರ

ಗಂಡನ ಬಲಗೈ ಮಣಿಕಟ್ಟು ಮುರಿದದ್ದೇ ನೆಪ, ಹೊಲಿಗೆಯವಳು ಅವನ ಗ್ಯಾರೇಜಿನ ಪಾಲಾದಳು. "ಕೈ ವಾಸಿಯಾಗೋ ತನಕ ಕಣೇ. ಆಮೇಲೆ ನೀನುಂಟು, ನಿನ್ನ ಮೆಷಿನ್ನುಂಟು" ಎಂದಿದ್ದ. ಬಟ್ಟೆಯಂಗಡಿಯಲ್ಲಿ ಕಿಟಕಿ ಪಕ್ಕದ ಅವಳ ಕುರ್ಚಿಯನ್ನು ಖಾಲಿ ಇಟ್ಟುಕೊಂಡಿದ್ದ ಯಜಮಾನಿ ಕಾದು ಕಾದು ಕೊನೆಗೆ ಹೇಳಿಬಿಟ್ಟಿದ್ದರು: "ಸೋಮವಾರ ಬರದಿದ್ರೆ ಬೇರೆಯವಳನ್ನ ಕೂರಿಸ್ತೀನಮ್ಮ."

ಗುದ್ದಿಸಿಕೊಂಡು ಬಂದ ಕಾರುಗಳ ತಗಡು ಬಿಡಿಸುವುದು ಅವಳ ಕೆಲಸ. ಎರಡು ತಗಡುಗಳನ್ನು ಅಲ್ಲಲ್ಲಿ ಚುಕ್ಕಿ ಇಟ್ಟ ಹಾಗೆ ಬೆಸೆದಿರುತ್ತಾರೆ. ಗಾಳಿಯಿಂದ ತಿರುಗುವ ಡ್ರಿಲ್ಲಿನ ಕೊಕ್ಕೆಯನ್ನು ತಗಡಿನ ಹಿಂಬದಿಗೆ ಸಿಕ್ಕಿಸಿ, ಗುಂಡಿ ಅದುಮಿ, ಒಂದೊಂದೇ ಚುಕ್ಕಿಯನ್ನು ಕೊರೆಯಬೇಕು. ಕೊರೆಯಬೇಕಾದದ್ದು ಮೇಲಿನ ತಗಡು ಮಾತ್ರ. ಕೆಳಗಿನದಕ್ಕೆ ತೂತು ಬಿದ್ದರೆ ಕೆಲಸ ಕೆಟ್ಟಿತು. ಡ್ರಿಲ್ ಎಷ್ಟು ಆಳ ಇಳಿಯಬೇಕು ಎಂಬುದಕ್ಕೆ ಒಂದು ಸ್ಕ್ರೂ ಇದೆ. ಮೊದಮೊದಲು ಗಾಳಿ ಬುಸ್ಸೆಂದರೆ ಸಾಕು, ಅವಳು ಹಿಂದಕ್ಕೆ ಹಾರುತ್ತಿದ್ದಳು. ಆದರೆ ಬಟ್ಟೆಗೆ ತಾಗದಂತೆ ನೂಲು ಕತ್ತರಿಸಿ ಹೊಲಿಗೆ ಬಿಚ್ಚಿದ ಕೈಗೆ ಇದೇನು ಮಹಾ? ಕಲಿತೇಬಿಟ್ಟಳು. ಅದೇ ತಪ್ಪಾಯಿತು ನೋಡಿ! ದಡ್ಡಿಯಾಗಿದ್ದರೆ ಬಚಾವಾಗುತ್ತಿದ್ದಳು.

ಗಂಡ ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸಿದ. ತಾನು ಇಸ್ತ್ರಿ ಅಂಗಿ ತೊಟ್ಟು, ಕೈಗೆ ಪಟ್ಟಿ ಸುತ್ತಿಕೊಂಡು, ಬಾಗಿಲಲ್ಲಿ ಗಿರಾಕಿಗಳ ಜೊತೆ ಹರಟುತ್ತಾ ನಿಂತ. ನೋವು ಹೇಗಿದೆ ಎಂದು ಕೇಳಿದರೆ, "ಅಯ್ಯೋ, ಲೋಟ ಎತ್ತಕ್ಕೂ ಆಗಲ್ಲ" ಎಂದು ಮುಖ ಹಿಂಡುತ್ತಿದ್ದ. ಕಿಟಕಿಯಿಲ್ಲದ ಶೆಡ್ಡು, ಕಂಪ್ರೆಸರಿನ ಗದ್ದಲ. ಅವಳಿಗೆ ಉಸಿರು ಕಟ್ಟುತ್ತಿತ್ತು.

ಶನಿವಾರ ಗಾಳಿಯ ಪೈಪು ಕಾಲಿಗೆ ತೊಡರಿ ಡ್ರಿಲ್ ಅವಳ ಕೈಜಾರಿತು. ಇನ್ನೇನು ಪಾದದ ಮೇಲೆ ಬೀಳಬೇಕು, ಪಕ್ಕದಲ್ಲಿದ್ದ ಗಂಡ ಗಬಕ್ಕನೆ ಹಿಡಿದುಕೊಂಡ. ಹಿಡಿದದ್ದು ಪಟ್ಟಿ ಸುತ್ತಿದ ಬಲಗೈಯಲ್ಲಿ.

ಇಬ್ಬರೂ ಆ ಕೈಯನ್ನೇ ನೋಡಿದರು.

"ಲೋಟಕ್ಕಿಂತ ಹಗುರನಾ ಇದು?" ಎಂದಳು.

ಅವನು ಪೆಚ್ಚಾಗಿ ನಕ್ಕ. "ನಿನ್ನಷ್ಟು ನೀಟಾಗಿ ನಂಗೆ ಬರಲ್ಲ ಕಣೇ."

"ಸೋಮವಾರ ನಾನು ಅಂಗಡಿಗೆ ಹೋಗ್ತೀನಿ ರೀ."

"ಹೋಗುವಂತೆ, ಯಾರು ಬೇಡ ಅಂದ್ರು? ಇದೊಂದು ಕಾರು ಮುಗಿಸಿಬಿಡು."

ಒಂದೇ ಕಾರಂತೆ! ಹೊರಗೆ ಮುಖ ಜಜ್ಜಿಸಿಕೊಂಡ ಇನ್ನೆರಡು ಸರದಿಯಲ್ಲಿ ನಿಂತಿದ್ದವು. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಕೆಲಸ ಕೆಡಿಸಿದರೆ ಇವನೇ ಓಡಿಸುತ್ತಾನೆ ಎಂದುಕೊಂಡಳು. ಆಳದ ಸ್ಕ್ರೂ ಸಡಿಲಿಸಿ, ಕೊಕ್ಕೆ ಸಿಕ್ಕಿಸಿ, ಹಲ್ಲು ಕಚ್ಚಿ ಗುಂಡಿ ಅದುಮಿದಳು. ಎರಡೂ ತಗಡು ತೂತಾದವು, ಕಿರುಬೆರಳು ತೂರುವಷ್ಟು.

ಗಂಡ ಬಗ್ಗಿ ನೋಡಿದ. ಬೈಯಲಿಲ್ಲ. ಒಳ್ಳೆಯ ಕೈಯಿಂದ, ಅಂದರೆ ಎರಡರಲ್ಲಿ ಯಾವುದೋ ಒಂದರಿಂದ, ಅವಳ ಬೆನ್ನು ತಟ್ಟಿದ.

"ಪರವಾಗಿಲ್ಲ ಬಿಡೇ. ತೂತು ಮುಚ್ಚೋ ವೆಲ್ಡಿಂಗ್ ಸೋಮವಾರ ಹೇಳ್ಕೊಡ್ತೀನಿ. ಅದೂ ಬಂದ್ಬಿಟ್ರೆ ನಿನ್ನ ಹಿಡಿಯೋರೇ ಇಲ್ಲ."