ಸುಂಕದ ಗೇಟಿನ ಪಕ್ಕದ ಮನೆ

ನನ್ನ ತಂಗಿಯನ್ನು ಸುಂಕದ ಗೇಟಿನವನಿಗೆ ಕೊಟ್ಟಿದ್ದೆವು. ಸೋಮನೂರಿನಿಂದ ತಿರುಪ್ಪೂರಿಗೆ ಹೋಗುವ ದಾರಿಯಲ್ಲಿ ನೊಯ್ಯಲ್ ಹೊಳೆಗೆ ಒಂದು ಕಿರಿದಾದ ಸೇತುವೆ. ಅದರ ಆಚೆ ತುದಿಯಲ್ಲಿ ಅಡ್ಡಗೋಲು, ಒಂದು ತಗಡಿನ ಗೂಡು, ಗೂಡಿಗೆ ಅಂಟಿಕೊಂಡ ಹಾಗೆ ಅವರ ಮನೆ. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಗಳು ಏಳುತ್ತಿದ್ದ ಕಾಲ ಅದು. ಹತ್ತಿ ಲಾರಿ, ನೂಲಿನ ವ್ಯಾನು, ಬಸ್ಸು, ಎತ್ತಿನಗಾಡಿ ಎಲ್ಲವೂ ಆ ಕೋಲಿನ ಮುಂದೆ ನಿಲ್ಲಲೇಬೇಕು.

"ನನ್ನ ಚಿಕ್ಕ ಅಳಿಯ ಕೈ ಅಡ್ಡ ಹಿಡಿದರೆ ಬಸ್ಸೇ ನಿಂತುಬಿಡುತ್ತೆ" ಎಂದು ಅಮ್ಮ ಬೀದಿಯಲ್ಲೆಲ್ಲಾ ಹೇಳುತ್ತಿದ್ದಳು. ನನ್ನ ಗಂಡ ಕೈ ಇಟ್ಟರೆ ನಿಲ್ಲುವುದು ನಮ್ಮ ಶೆಡ್ಡಿನ ಪವರ್‌ಲೂಮು. ಅದನ್ನು ಅಮ್ಮ ಯಾರ ಮುಂದೆಯೂ ಹೇಳಿದ್ದು ನಾನು ಕೇಳಿಲ್ಲ.

ಅಪ್ಪ ಹೋದ ಮೇಲೆ ಅಮ್ಮ ಸೋಮನೂರಿನಲ್ಲಿ, ಕನ್ನಡ ಮಾತಾಡುವ ನೇಕಾರರೇ ತುಂಬಿದ್ದ ನಮ್ಮ ಬೀದಿಯಲ್ಲೇ ಒಂದು ಕೋಣೆಯಲ್ಲಿದ್ದಳು. ಇದ್ದಳು ಎನ್ನುವುದು ಮಾತಿಗೆ. ಚಕ್ಕುಲಿಯ ಡಬ್ಬಿ ಹಿಡಿದುಕೊಂಡು ತಂಗಿಯ ಮನೆ ಕಡೆ ಹೋಗುವ ಮಂಗಳಂ ಬಸ್ಸು ಹತ್ತಿದಳೆಂದರೆ ಮರಳಿ ಬರುವುದು ಯಾವಾಗಲೋ. ನನಗೆ ತಿಂಗಳು ತುಂಬಿದಾಗಲೂ ಹಾಗೇ ಮಾಡಿದಳು.

"ಇನ್ನೂ ದಿನ ಇದೆ. ಒಂದೆರಡು ದಿನ ಚಿಕ್ಕವಳನ್ನ ನೋಡ್ಕೊಂಡು ಬಂದುಬಿಡ್ತೀನಿ" ಅಂದಳು.

"ಹೋಗಮ್ಮ, ಅಲ್ಲಿ ಲಾರಿ ನೋಡೋಕೆ ಚೆನ್ನಾಗಿರುತ್ತೆ" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಹೌದು ಕಣೆ ಎಂದು ನಕ್ಕು ಹೋದಳು.

ಮಾರನೆಯ ದಿನ ಮಧ್ಯಾಹ್ನ ನೋವು ಶುರುವಾಯಿತು. ಆಸ್ಪತ್ರೆ ಇದ್ದದ್ದು ತಿರುಪ್ಪೂರಿನಲ್ಲಿ. ಪಕ್ಕದ ಶೆಡ್ಡಿನವರ ವ್ಯಾನು ಬಟ್ಟೆ ತುಂಬಿಕೊಂಡು ಹೊರಟಿತ್ತು. ಅದರಲ್ಲೇ, ಬಟ್ಟೆಯ ಗಂಟುಗಳ ನಡುವೆ, ನನ್ನನ್ನು ಮಲಗಿಸಿದರು. ಅತ್ತೆ ತಲೆಯ ಹತ್ತಿರ ಕುಳಿತರು, ಗಂಡ ಡ್ರೈವರಿನ ಪಕ್ಕ.

ಸೇತುವೆಯ ಮಧ್ಯಕ್ಕೆ ಬಂದು ವ್ಯಾನು ನಿಂತಿತು. ಮುಂದೆ ಹತ್ತಿ ಲಾರಿಯೊಂದು ಗೇಟಿನ ಬಾಯಲ್ಲೇ ಅಚ್ಚು ಮುರಿದು ಕುಸಿದಿತ್ತು. ಹಿಂದೆ ಬಸ್ಸುಗಳು ಬಂದು ಒತ್ತಿ ನಿಂತವು. ಹಾರ್ನಿನ ಸದ್ದು, ಕೆಳಗಿನ ಹೊಳೆಯಿಂದ ಬಟ್ಟೆಗೆ ಬಣ್ಣ ಹಾಕಿ ಬಿಟ್ಟ ನೀರಿನ ವಾಸನೆ. ಅತ್ತೆ ಮಾಸಾಣಿಯಮ್ಮ ದೇವತೆಗೆ ಹರಕೆ ಹೊರಲು ಶುರು ಮಾಡಿದರು. ನನ್ನ ಗಂಡ ಇಳಿದು ಗೇಟಿನ ಕಡೆ ಓಡಿದರು.

ಎಷ್ಟು ಹೊತ್ತಾಯಿತೋ. ವ್ಯಾನಿನ ಹಿಂಬಾಗಿಲು ತೆರೆದಾಗ ಕಂಡದ್ದು ತಂಗಿಯ ಮುಖ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಲಾರಿಗಳ ಸಂದಿಯಲ್ಲಿ ನುಸುಳಿ ಬಂದಿದ್ದಳು.

"ಅಕ್ಕಾ, ಏಳು. ನಡೆದುಬಿಡೋಣ."

"ನಿನ್ನ ಗಂಡ ಕೋಲು ಎತ್ತಲ್ವಾ?" ಅಂದೆ. ಆ ನೋವಿನಲ್ಲೂ ಬಾಯಿಗೆ ಬಂದದ್ದು ಅದೇ.

"ಕೋಲು ಎತ್ತೇ ಇದೆ. ಲಾರಿನ ಎತ್ತೋರು ಬೇಕು. ಏಳು, ನನ್ನ ಕತ್ತು ಹಿಡ್ಕೋ."

ಅವಳು ಮುಂದೆ, ಅತ್ತೆ ಹಿಂದೆ. "ವಳಿ ವಿಡುಂಗ, ವಳಿ ವಿಡುಂಗ" ಎಂದು ತಂಗಿ ತಮಿಳಿನಲ್ಲಿ ಕೂಗುತ್ತಿದ್ದರೆ ಗಾಡಿಯವರು ಎತ್ತುಗಳ ಮೂಗುದಾರ ಹಿಡಿದು ಪಕ್ಕಕ್ಕೆ ಎಳೆದುಕೊಂಡು ದಾರಿ ಬಿಟ್ಟರು. ಬಸ್ಸಿನಿಂದ ಇಳಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೈ ಕೊಟ್ಟರು. ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಪಿಸುಗುಟ್ಟಿಯೇ ಮಾತಾಡುತ್ತಿದ್ದ ಹುಡುಗಿ. ಇಷ್ಟು ದೊಡ್ಡ ಗಂಟಲು ಅವಳಿಗೆ ಯಾವಾಗ ಬಂತು?

ಅವಳ ಮನೆಯ ಹೊಸಿಲಲ್ಲಿ ಅಮ್ಮ ಬಿಸಿನೀರು ಕಾಯಿಸಿಟ್ಟು ನಿಂತಿದ್ದಳು. ಒಳಗೆ ಮಲಗಿಸಿದಾಗ ಗೋಡೆಯ ಪಕ್ಕ ಅಮ್ಮನ ಎಲೆಅಡಿಕೆ ಪೆಟ್ಟಿಗೆ ಕಂಡಿತು. ಗೂಟಕ್ಕೆ ಅವಳ ಸೀರೆಗಳು, ಮೂಲೆಯಲ್ಲಿ ಅವಳ ಚಾಪೆ. ನಮ್ಮ ಬೀದಿಯ ಕೋಣೆಯಲ್ಲಿ ಇಷ್ಟು ಸಾಮಾನು ನಾನು ನೋಡಿರಲಿಲ್ಲ. ಅಮ್ಮ ಸಂಸಾರವನ್ನೇ ಇಲ್ಲಿಗೆ ತಂದುಬಿಟ್ಟಿದ್ದಾಳೆ ಅನ್ನಿಸಿ ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಗಂಡುಮಗು ಹುಟ್ಟಿತು. ಹೊರಗೆ ಲಾರಿ ಇನ್ನೂ ಕದಲಿರಲಿಲ್ಲ.

ಅಲ್ಲೇ ಹನ್ನೊಂದು ದಿನ ಕಳೆದೆ. ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು, ಬಟ್ಟೆ ಒಗೆಯುವುದು ಎಲ್ಲವೂ ತಂಗಿಯೇ. ಗೇಟಿನಲ್ಲಿ ನಿಂತ ಡ್ರೈವರುಗಳು ಇಣುಕಿ, "ಏನಮ್ಮಾ, ನಿನ್ನ ಮಗು ಹೇಗಿದೆ?" ಎಂದು ಕೇಳುತ್ತಿದ್ದದ್ದು ಅವಳನ್ನೇ. ಅವಳು ಸರಿಪಡಿಸುತ್ತಿರಲಿಲ್ಲ. ನಗುತ್ತಿದ್ದಳು.

ಹೊರಡುವ ದಿನ ಅಮ್ಮನನ್ನು ಕರೆದೆ. "ನೀನೂ ಬಾ. ಬಾಣಂತಿ ನಾನು."

"ನೀನು ಹೋಗು ಕಣೆ, ನಾನು ಆಮೇಲೆ ಬರ್ತೀನಿ."

"ಅಮ್ಮ, ನಾನೂ ನಿನ್ನ ಹೊಟ್ಟೇಲೇ ಹುಟ್ಟಿದ್ದು."

ಅಮ್ಮ ಮೊದಲ ಸಲ ನನ್ನನ್ನು ದಿಟ್ಟಿಸಿ ನೋಡಿದಳು. "ನಿನಗೆ ಅತ್ತೆ ಇದ್ದಾರೆ. ಮಾತಾಡೋಕೆ ಬೀದಿ ತುಂಬ ನಮ್ಮೋರು. ಇವಳಿಗೆ ಹಗಲೆಲ್ಲಾ ಲಾರಿ ಸದ್ದು, ಸುತ್ತ ಬರೀ ತಮಿಳು, ಗಂಡ ಗೇಟಲ್ಲೇ. ಮನೇಲಿ ನಮ್ಮ ಮಾತಲ್ಲಿ ಒಂದು ಮಾತು ಆಡೋಕೆ ಯಾರಿದ್ದಾರೆ ಹೇಳು?"

ಬೆನ್ನು ತಿರುಗಿಸಿ ಮಗುವಿನ ಟೋಪಿ ಹುಡುಕುತ್ತಿದ್ದ ತಂಗಿ ಈ ಕಡೆ ತಿರುಗಲಿಲ್ಲ. ನಾನು ಮಗುವನ್ನು ಎತ್ತಿಕೊಂಡು ಹೊರಟೆ. ಉರಿ ಮಾತ್ರ ಇಳಿಯಲಿಲ್ಲ.

ಎರಡು ವರ್ಷಗಳಾದ ಮೇಲೆ ಸುಂಕ ತೆಗೆದರು. ತಂಗಿಯ ಗಂಡನ ಕೆಲಸ ಹೋಯಿತು. ನನ್ನ ಗಂಡನೇ ಹೋಗಿ ಅವರನ್ನು ಕರೆದುಕೊಂಡು ಬಂದರು. ಅವನು ನಮ್ಮ ಶೆಡ್ಡಿನಲ್ಲೇ ಮಗ್ಗ ಓಡಿಸಲು ಕಲಿತ. ಅವರು ಎದುರುಮನೆಯಲ್ಲಿ ಬಿಡಾರ ಹೂಡಿದರು, ಅಮ್ಮನೂ ಅಲ್ಲೇ. ಅವಳಿಗೆ ಈಗ ಬಸ್ಸು ಹತ್ತುವ ಕೆಲಸ ತಪ್ಪಿತು.

ಸಂಜೆ ಅಮ್ಮ ನನ್ನ ಜಗುಲಿಗೆ ಬಂದು ಕೂರುತ್ತಿದ್ದಳು. ನಾನು ಕಾಫಿ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳುತ್ತಿದ್ದೆ. ಅಷ್ಟರಲ್ಲಿ ತಂಗಿ ಬೀದಿ ದಾಟಿ ಬರುವಳು, ನನ್ನ ಮಗ ಅವಳ ಸೊಂಟದ ಮೇಲೆ. ಅಮ್ಮ ಲೋಟ ಕೆಳಗಿಟ್ಟು, ಅವಳಿಗೆ ಜಾಗ ಮಾಡಿಕೊಡಲು ನನ್ನ ಕಡೆಗೆ ಸರಿಯುವಳು. ನಾನು ಗೋಡೆಗೆ ಒತ್ತಿಕೊಳ್ಳುತ್ತಿದ್ದೆ.