ವರ ನೋಡಲು ಹೋದ ಅಪ್ಪ ತಂದ ಮೀನು

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹಾನಗಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ನಮ್ಮ ಎದುರು ಮನೆಯಲ್ಲಿ ಬಾಡಿಗೆಗಿದ್ದ ಸರಕಾರಿ ಡಾಕ್ಟರರಿಗೆ ಕಾರವಾರಕ್ಕೆ ವರ್ಗವಾಯಿತು. ಸಾಮಾನು ಲಾರಿಗೆ ಏರಿಸುತ್ತಿದ್ದಾಗ ಅವರ ಹೆಂಡತಿ ಗಾಜಿನ ಮೀನಿನ ಪೆಟ್ಟಿಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಳದಲ್ಲಿ ನಿಂತಿದ್ದರು.

"ಲಾರ್ಯಾಗ ಒಡದ ಹೋಗ್ತೈತಿ. ನೀವ ಇಟಗೊಳ್ರಿ ಅಕ್ಕೋರ" ಅಂದರು.

ಅದರಲ್ಲಿ ಬೆರಳುದ್ದವೂ ಇಲ್ಲದ ಕೆಂಪು ಮೀನುಗಳಿದ್ದವು. ಮುಂಬಯಿಯಿಂದ ತರಿಸಿದವಂತೆ. ಲಿಂಗವಂತರ ಮನೆಯಲ್ಲಿ ಮೀನು ಯಾಕೆ ಎಂದು ಅವ್ವ ಮುಖ ಸಿಂಡರಿಸಿದಳು. "ನೋಡಾಕ ಅಷ್ಟ ಅವ್ವಾ" ಅಂದೆ. ದೇವರ ಮನೆಯಿಂದ ದೂರ, ಪಡಸಾಲೆಯ ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಇಡಲು ಒಪ್ಪಿದಳು.

ಶಾಲೆಯಿಂದ ಬಂದವಳೇ ನಾನು ಅದರ ಮುಂದೆ ಕೂತುಬಿಡುತ್ತಿದ್ದೆ. ಇಡೀ ದಿನ ಮಕ್ಕಳ ಗದ್ದಲ ಕೇಳಿ ದಣಿದ ಕಿವಿಗೆ, ಸದ್ದೇ ಮಾಡದೆ ತಿರುಗಾಡುವ ಆ ಜೀವಗಳು ಎಷ್ಟು ಹಿತವೆನಿಸುತ್ತಿದ್ದವೆಂದರೆ, ಚಹಾ ಆರಿ ಹೋದದ್ದೂ ತಿಳಿಯುತ್ತಿರಲಿಲ್ಲ. ಆ ಮನೆಯಲ್ಲಿ ಇದು ನನ್ನದು ಅಂತ ನನಗಿದ್ದದ್ದು ಅದೊಂದೇ.

ಅಪ್ಪನಿಗೆ ಪೇಟೆಯಲ್ಲಿ ಭತ್ತದ ವ್ಯಾಪಾರವಿತ್ತು. ಗಿರಾಕಿಗಳ ಹತ್ತಿರ ಬಹಳ ಬಿಗಿ. ಆದರೆ ಪರ ಊರಿಗೆ ಹೋದರೆ ಬೇಡಾದ್ದನ್ನೆಲ್ಲ ಕೊಂಡು ತರುವ ಚಟ. ಸವಣೂರಿನ ಹಳೇ ವಾಡೆಯೊಂದರ ಸಾಮಾನು ಮಾರುವಾಗ ಕುದುರೆಯ ಜೀನು ತಂದಿದ್ದ. ನಮ್ಮ ಮನೆತನದಲ್ಲಿ ಯಾರೂ ಕುದುರೆ ಸಾಕಿದವರಲ್ಲ. ಅವ್ವ ಅದರ ಮೇಲೆ ಶಾವಿಗೆ ಒಣಗಿಸುತ್ತಿದ್ದಳು.

ಆ ವರ್ಷ ಹಿರೇಕೆರೂರಿನಿಂದ ನನಗೊಂದು ಸಂಬಂಧ ಬಂದಿತ್ತು. ಅವರು ಬಂದು, ನನ್ನನ್ನು ನೋಡಿ, ಉಪ್ಪಿಟ್ಟು ತಿಂದು, "ನೀವ ಒಮ್ಮೆ ಬರ್ರಿ, ಅಲ್ಲೇ ಮಾತಾಡೂಣು" ಎಂದು ಹೋಗಿದ್ದರು. ನನ್ನ ಓರಗೆಯವರ ಮಕ್ಕಳು ಆಗಲೇ ನನ್ನ ಕೈಕೆಳಗೆ ಅಕ್ಷರ ತಿದ್ದುತ್ತಿದ್ದವು. ಹುಡುಗನ ಮೇಲೆ ನನಗೆ ಮನಸ್ಸಿತ್ತೆಂದು ಹೇಳಲಾರೆ. ಆದರೆ ಹೌದೋ ಅಲ್ಲವೋ ಬೇಗ ತಿಳಿಯಬೇಕಿತ್ತು. ಧಾರವಾಡದಲ್ಲಿ ಶಿಕ್ಷಕರ ಟ್ರೇನಿಂಗಿಗೆ ನಮ್ಮ ಶಾಲೆಯಿಂದ ಒಬ್ಬರನ್ನು ಕಳಿಸುವವರಿದ್ದರು. ಮೊದಲು ನನ್ನನ್ನೇ ಕೇಳಿದ್ದರು. "ಲಗ್ನದ ಮಾತು ನಡದೈತ್ರಿ, ಸ್ವಲ್ಪ ತಡೀರಿ" ಎಂದು ಹೆಡ್‌ಮಿಸ್ಟ್ರೆಸ್ ಆಗಿದ್ದ ದೊಡ್ಡ ಬಾಯಿಯವರಿಗೆ ಹೇಳಿ ನಾನು ಕಾಯುತ್ತಿದ್ದೆ. ಮನೆಯಲ್ಲಿ ಇದನ್ನು ಇನ್ನೂ ಹೇಳಿರಲಿಲ್ಲ; ಸಂಬಂಧ ಗಟ್ಟಿಯಾದರೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಅಪ್ಪ ಹಿರೇಕೆರೂರಿಗೆ ಹೋದ ದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಕಾಣಿಸಿಕೊಂಡ. ಧೋತರ ಮೊಣಕಾಲಿನ ತನಕ ತೊಯ್ದಿತ್ತು. ಎರಡೂ ಕೈಯಲ್ಲಿ ಒಂದು ಮಣ್ಣಿನ ಗಡಿಗೆ, ಅದರ ಬಾಯಿಗೆ ಕಟ್ಟಿದ ಟವೆಲು.

"ಏನಂದ್ರು?" ಎಂದು ಅವ್ವ ಕೇಳಿದಳು.

"ಮದ್ಲ ಒಂದ ಕೊಡಾ ನೀರು ತಾ. ಇದಕ್ಕ ಉಸರ ಕಟ್ಟೈತಿ."

ಟವೆಲು ಬಿಚ್ಚಿದಾಗ ಅವ್ವ "ಹಾವು!" ಎಂದು ಚೀರಿ ಗೋಡೆಗೆ ಅಂಟಿ ನಿಂತಳು. ಹಾವಲ್ಲ. ಮೊಳಕ್ಕೆ ಸ್ವಲ್ಪ ಕಡಿಮೆ ಇದ್ದ ಕಪ್ಪು ಮೀನು, ಹಾವಿನಂಥ ಚಪ್ಪಟೆ ತಲೆ, ಅಗಲ ಬಾಯಿ.

"ಕೆರಿ ದಂಡ್ಯಾಗ ಬಸ್ ಕೆಟ್ಟು ನಿಂತಿತ್ತು. ಮೀನ ಹಿಡಿಯಾಂವ ಇದನ್ನ ಇನ್ನೇನ ಕೊಯ್ಯಾಂವ. ಇದು ನನ್ನ ಮಾರೀನ ನೋಡ್ತು. ತಡಿಯೋ, ನನಗ ಕೊಡು, ನಮ್ಮ ಮನ್ಯಾಗ ಪೆಟಗಿ ಐತಿ ಅಂದೆ" ಎಂದ ಅಪ್ಪ.

"ಅಪ್ಪಾ, ಇದು ಬಾಳ ದೊಡ್ಡದು. ಅದರಾಗ ಹೆಂಗ ಹಿಡಸ್ತೈತಿ?"

"ಮೀನಿನ ಜೋಡಿ ಮೀನ ಇರಾಕ ಏನ ತ್ರಾಸು?"

ನಾನು ಬೇಡ ಬೇಡ ಅನ್ನುತ್ತಿರುವಾಗಲೇ ಅದನ್ನು ಪೆಟ್ಟಿಗೆಗೆ ಸುರಿದೇಬಿಟ್ಟ. ಹಿರೇಕೆರೂರಿನ ಮಾತು ಕೇಳಿದರೆ, "ಹೇಳಿ ಕಳಸ್ತಾರ" ಅಂದು ಕಾಲು ತೊಳೆಯಲು ಹೋದ.

ಬೆಳಿಗ್ಗೆ ಎದ್ದು ನೋಡಿದೆ. ಕೆಂಪು ಮೀನು ಒಂದೂ ಇರಲಿಲ್ಲ. ಆ ಕಪ್ಪು ಪ್ರಾಣಿ ತಳದಲ್ಲಿ ಮಿಸುಕದೆ ಬಿದ್ದಿತ್ತು.

"ಬೆಕ್ಕ ಬಂದಿರಬೇಕು" ಎಂದ ಅಪ್ಪ.

"ಬೆಕ್ಕು ಮುಚ್ಚಳಾ ತಗದು, ತಿಂದು, ಮತ್ತ ಮುಚ್ಚಿ ಹೋತೇನು?"

ನಾನು ಊಟ ಮಾಡದೆ ಶಾಲೆಗೆ ಹೋದೆ.

ಆ ಮೇಲಿನ ದಿನಗಳು ನೆನೆದರೆ ಈಗಲೂ ಮೈ ಉರಿಯುತ್ತದೆ. ಮೀನನ್ನು ಹೊರಗೆ ಹಾಕೋಣವೆಂದರೆ ಅಪ್ಪ ಒಪ್ಪಲಿಲ್ಲ. ಕೆರೆಗೆ ಬಿಟ್ಟರೆ ಮತ್ತೆ ಬಲೆಗೆ ಬೀಳುತ್ತದೆ, ಯಾರಿಗಾದರೂ ಕೊಟ್ಟರೆ ಅವರು ಸಾರು ಮಾಡುತ್ತಾರೆ. ಜೀವ ಉಳಿಸಿ ತಂದದ್ದನ್ನು ಕೊಲ್ಲಲು ಕೊಡಬೇಕೇ ಎನ್ನುವನು. ಅದಕ್ಕೆ ರೊಟ್ಟಿ ತುಣುಕು ಹಾಕಿದ, ಅನ್ನ ಹಾಕಿದ, ಚುರುಮುರಿ ಹಾಕಿದ. ಅದು ಒಂದನ್ನೂ ಮೂಸಲಿಲ್ಲ. "ರೂಢಿ ಆಗ್ತೈತಿ" ಎನ್ನುತ್ತ ಕುರ್ಚಿ ಹಾಕಿಕೊಂಡು ಅದರ ಮುಂದೆ ಕೂಡುತ್ತಿದ್ದ. ಹಾಕಿದ್ದೆಲ್ಲ ಕೊಳೆತು ನೀರು ನಾರುತ್ತಿತ್ತು. ಆ ನೀರು ಚೆಲ್ಲಿ, ಬಾವಿಯಿಂದ ಹೊಸ ನೀರು ಹೊತ್ತು ಹಾಕುವವಳು ನಾನು. ಕೊನೆಗೆ ಎರೆಹುಳ ಅಗೆದು ಹಾಕಿದವಳೂ ನಾನೇ, ಅವ್ವ ಹಿತ್ತಲಲ್ಲಿ ಇಲ್ಲದ ಹೊತ್ತು ನೋಡಿ.

ಒಂದು ದಿನ ಅದು ಮುಚ್ಚಳ ಎಬ್ಬಿಸಿ ಹೊರಗೆ ಹಾರಿತು. ಕಸ ಗುಡಿಸಲು ಬಂದ ಅವ್ವನ ಕಾಲಿಗೆ ತಣ್ಣಗೆ ತಗುಲಿತು. ಅಂದಿನಿಂದ ಅವ್ವ ಪಡಸಾಲೆಗೆ ಕಾಲಿಡುವುದನ್ನೇ ಬಿಟ್ಟಳು. ಮುಚ್ಚಳದ ಮೇಲೆ ರುಬ್ಬುವ ಗುಂಡು ಹೇರಿದೆವು. ಬಂದವರೆಲ್ಲ ಕೇಳುವವರೇ, "ಏನ್ರಿ ಅಕ್ಕೋರ, ಮನ್ಯಾಗ ಮೀನಿನ ಅಂಗಡಿ ತಗದೀರೇನು?"

ಅತ್ತ ದೊಡ್ಡ ಬಾಯಿಯವರು ದಿನವೂ ಕೇಳುತ್ತಿದ್ದರು. ಇತ್ತ ಅಪ್ಪ ದಿನವೂ "ಹೇಳಿ ಕಳಸ್ತಾರ" ಅನ್ನುತ್ತಿದ್ದ. ಕಡೆಗೆ ಬಾಯಿಯವರು ಇನ್ನು ತಡೆಯಲಾಗುವುದಿಲ್ಲವೆಂದು ಟ್ರೇನಿಂಗಿಗೆ ಬೇರೊಬ್ಬರ ಹೆಸರು ಕಳಿಸಿದರು.

ಆ ಭಾನುವಾರ ನಾನು ಪರೀಕ್ಷೆಯ ಪೇಪರು ತಿದ್ದಿ, ಕಟ್ಟು ಕಟ್ಟಿ ಪಕ್ಕಕ್ಕಿಟ್ಟು, ಪೆಟ್ಟಿಗೆಯ ನೀರು ಬದಲಿಸುತ್ತಿದ್ದೆ. ಮೀನು ಬಾಲದಿಂದ ಎಷ್ಟು ಜೋರಾಗಿ ಹೊಡೆಯಿತೆಂದರೆ ನಾರುವ ನೀರು ನನ್ನ ಸೀರೆಯ ಮೇಲೂ ಪೇಪರುಗಳ ಮೇಲೂ ಚೆಲ್ಲಿತು. ಮಕ್ಕಳು ಬರೆದ ಶಾಯಿ ಕರಗಿ ನೀಲಿ ನೀಲಿಯಾಗಿ ಹರಿಯತೊಡಗಿತು.

"ಅಪ್ಪಾ! ನೀ ವರಾ ನೋಡಾಕ ಹೋಗಿದ್ದೋ, ಮೀನ ತರಾಕ ಹೋಗಿದ್ದೋ?" ಎಂದು ಕೂಗಿದೆ. ಅಪ್ಪನ ಮುಂದೆ ಅಷ್ಟು ದನಿ ಎತ್ತಿದ್ದು ಅದೇ ಮೊದಲು.

ಕುರ್ಚಿಯಲ್ಲಿ ಕೂತಿದ್ದ ಅಪ್ಪ ಎದ್ದು ತೊಯ್ದ ಪೇಪರು ಒಂದೊಂದಾಗಿ ಬಿಡಿಸಿಟ್ಟ. ಆಮೇಲೆ, "ಅವರು ಬ್ಯಾಡಂದ್ರು" ಅಂದ.

"ಯಾವಾಗ?"

"ನಾ ಹೋದ ದಿನಾನ. ಚಾ ಕುಡಿಯೂದ್ರಾಗ ಹೇಳಿಬಿಟ್ರು. ಸಾಲಿ ಕಲಸೂ ಹುಡಿಗಿ ಮನಿ ಮಾತು ಕೇಳೂದಿಲ್ಲ ಅಂದ್ರು. ಬಸ್ಸಿನ್ಯಾಗ ಕುಂತು ನಿನಗ ಏನ ಹೇಳ್ಲಿ, ಹೆಂಗ ಹೇಳ್ಲಿ ಅಂತ ಯೋಚನಿ ಮಾಡ್ಕೋತ ಬಂದೆ. ಬರೇ ಕೈಲೆ ಮನಿಗೆ ಬರಾಕ ಮನಸ ಆಗ್ಲಿಲ್ಲ ನೋಡು."

ಒಳಗೆ ಅವ್ವ ಅಳುವ ಸದ್ದು ಕೇಳಿತು. ನನಗೆ ಅಳು ಬರಲಿಲ್ಲ. ಆ ಮನೆಯವರು ಬೇಡವೆಂದದ್ದು ನನ್ನನ್ನು ತಾಕಲೂ ಇಲ್ಲ. ಆದರೆ ಅಷ್ಟು ದಿನ ನಾನು ಕಾದದ್ದು ಯಾಕೆ? ಧಾರವಾಡದ ವಿಷಯ ಹೇಳಿದೆ. ಅಪ್ಪನ ಮುಖ ಸಣ್ಣದಾಯಿತು. "ನನಗ ಗೊತ್ತಿರಲಿಲ್ಲವ್ವಾ" ಎಂದ. ಹೌದು, ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಅದರಿಂದ ನನ್ನ ಸಿಟ್ಟು ಇನ್ನಷ್ಟು ಏರಿತೇ ಹೊರತು ಇಳಿಯಲಿಲ್ಲ.

ಮೀನನ್ನು ಕೊಡದಲ್ಲಿ ಹಾಕಿಕೊಂಡು, ಅದೇ ತೊಯ್ದ ಸೀರೆಯಲ್ಲಿ ಆನೆಕೆರೆಗೆ ನಡೆದೆ. ಅಪ್ಪ ತಡೆಯಲಿಲ್ಲ. ನಡುಪೇಟೆಯಲ್ಲಿ ಯಾರೋ "ಅಕ್ಕೋರ, ನೀರು ಇಲ್ಲಿಂದ ಕೆರಿಗೆ ಒಯ್ಯಾಕತ್ತೀರೇನು?" ಎಂದು ನಕ್ಕರು. ನಾನು ತಿರುಗಿ ನೋಡಲಿಲ್ಲ. ದಂಡೆಯಲ್ಲಿ ಬಾಗಿ ಕೊಡ ಬಗ್ಗಿಸಿದೆ. ಅದು ಕೆಸರೆಬ್ಬಿಸಿ ಒಂದೇ ಸಲಕ್ಕೆ ಮಾಯವಾಯಿತು. ಹಗುರಾಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ.

"ಬಿಟ್ಟ ಬಂದ್ಯಾ?" ಎಂದು ಅಪ್ಪ ಕೇಳಿದ.

"ಹೂಂ."

"ಚಲೋ ಈಜಿತೇನು?"

ನಾನು ಸೀರೆ ಬದಲಿಸಲು ಹೋದೆ. ಪೇಪರು ತೊಯ್ದ ಮಕ್ಕಳಿಗೆಲ್ಲ ಮತ್ತೊಮ್ಮೆ ಪರೀಕ್ಷೆ ಮಾಡಬೇಕಾಯಿತು. ಮೇಲಿನವರಿಂದ ಬೈಸಿಕೊಂಡದ್ದು ಬೇರೆ.

ಟ್ರೇನಿಂಗು ಮುಂದಿನ ವರ್ಷ ಸಿಕ್ಕಿತು. ಅದು ಮುಗಿದ ಮೇಲೆ ಶಿಗ್ಗಾಂವಿಯ ಕಡೆ ಲಗ್ನವೂ ಆಯಿತು; ಕೆಲಸ ಬಿಡು ಅಂತ ಅಲ್ಲಿ ಯಾರೂ ಅನ್ನಲಿಲ್ಲ. ಲಗ್ನದ ಮರುದಿನ ಬೀಗರೆಲ್ಲ ಚಪ್ಪರದಲ್ಲಿ ಕೂತಿದ್ದಾಗ ಅಪ್ಪ ಮೀನಿನ ಕತೆ ತೆಗೆದ. ಬಸ್ಸಿನಲ್ಲಿ ಗಡಿಗೆ ಸೋರಿ ಪಕ್ಕದವರ ಧೋತರವೆಲ್ಲ ತೊಯ್ದದ್ದು, ಅವ್ವ ಹಾವೆಂದು ಚೀರಿದ್ದು, ಎಲ್ಲ ಅಭಿನಯಿಸಿ ಹೇಳಿದ. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವ ಕೂಡ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ತಾನು ಯಾವ ಕೆಲಸಕ್ಕೆ ಹಿರೇಕೆರೂರಿಗೆ ಹೋಗಿದ್ದೆ ಅನ್ನುವುದನ್ನು ಅಪ್ಪ ಹೇಳಲೇ ಇಲ್ಲ. ವ್ಯಾಪಾರಕ್ಕೆ ಹೋಗಿದ್ದೆ ಅಂದುಬಿಟ್ಟ. ಹೊಸ ಬೀಗರ ಮುಂದೆ ಮತ್ತೇನು ಹೇಳಬೇಕಿತ್ತು ಅವನು? ಅದು ನನಗೂ ತಿಳಿಯುತ್ತಿತ್ತು. ಆದರೂ ಎದೆಯಲ್ಲಿ ಬಿಸಿಯಾದದ್ದೇನೋ ಎದ್ದಿತು. ಎಲೆ-ಅಡಿಕೆಯ ತಟ್ಟೆ ತೆಗೆದುಕೊಂಡು ಹೆಂಗಸರು ಕೂತ ಕಡೆ ಹೋದೆ.