ಗಿರಿಜಾಂಬಾ ಹೊಲಿದ ಲಂಗ

ಆಲ್ದೂರಿನ ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟಿದ್ದ ಗಿರಿಜಾಂಬಾ ನಲವತ್ತೆರಡು ವರ್ಷದವರೆಗೆ ದೋಣಿ ಹತ್ತಿದವರಲ್ಲ. ಅವರಿಗೆ ಹೆಸರು ಬಂದದ್ದು ಮಳೆಕೊಪ್ಪೆಯಿಂದ. ತೋಟದ ಆಳುಗಳು ತಲೆಯಿಂದ ಹೊದೆಯಲೆಂದು ಅವರು ಹೊಲಿದುಕೊಟ್ಟ ಕೊಪ್ಪೆಯೊಳಗೆ ಜುಲೈ ತಿಂಗಳ ಮಳೆಯ ಒಂದು ಹನಿಯೂ ಇಳಿಯುತ್ತಿರಲಿಲ್ಲ.

2005ರ ನವೆಂಬರಿನಲ್ಲಿ ನಿವೃತ್ತ ಡ್ರಿಲ್ ಮಾಸ್ತರು ಜನಾರ್ದನ ಅಂಗಡಿಗೆ ಬಂದು ಏಳು ಲಂಗ ಬೇಕೆಂದರು. ಊರಾಚೆಯ ಎಸ್ಟೇಟಿನ ಕೆರೆಯಲ್ಲಿ ಅವರೊಂದು ಕಯಾಕ್ ಕ್ಲಬ್ ನಡೆಸುತ್ತಿದ್ದರು. ಕಯಾಕ್ ಎಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಉದ್ದನೆಯ, ಕಿರಿದಾದ ದೋಣಿ. ಕೂತವರ ಸೊಂಟದಿಂದ ದೋಣಿಯ ಬಾಯಿಯ ಅಂಚಿಗೆ ಬಟ್ಟೆ ಬಿಗಿದರೆ ಅಲೆಯ ನೀರು ಒಳಗೆ ನುಗ್ಗುವುದಿಲ್ಲ. ಆ ಬಟ್ಟೆಗೆ ಕ್ಲಬ್ಬಿನವರು ಇಟ್ಟ ಹೆಸರು ಲಂಗ. ಅಳತೆ ನೋಡಲು ಹೋದ ಗಿರಿಜಾಂಬಾ ದೋಣಿಯಲ್ಲಿ ಒಮ್ಮೆ ಕೂತರು. ಮುಂದಿನ ಭಾನುವಾರವೂ ಹೋದರು.

ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಈ ವಾರ ದೋಣಿ ಮಗುಚಿಕೊಂಡವರು ಮುಂದಿನ ವಾರ ಎಲ್ಲರಿಗೂ ತಿಂಡಿ ತರಬೇಕು. ಚಳಿಗೆ ನಡುಗುತ್ತ, ಕೆರೆಯ ಏರಿಯ ಮೇಲೆ ಕೂತು ತಿನ್ನುವ ಆ ತಿಂಡಿಗೆಂದೇ ಕೆಲವರು ಬರುತ್ತಿದ್ದರು. ಎರಡು ತಿಂಗಳಾದರೂ ಗಿರಿಜಾಂಬಾ ಒಮ್ಮೆಯೂ ಮಗುಚಲಿಲ್ಲ.

“ಗಿರಿಜಕ್ಕ, ನಿಮ್ಮನೆ ಕಡುಬು ತಿನ್ನೋ ಯೋಗ ನಮಗಿಲ್ವಾ?” ಎಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಸೌಮ್ಯ ಕೆಣಕುತ್ತಿದ್ದಳು. “ಅದಿರಲಿ, ನೀವು ಹೊಲಿದ ಲಂಗ ಸೋರುತ್ತೆ ನೋಡಿ.”

ಸೋರುತ್ತದೆ ಎಂಬ ಮಾತನ್ನು ಅವರು ಅದುವರೆಗೆ ಯಾರ ಬಾಯಿಂದಲೂ ಕೇಳಿರಲಿಲ್ಲ. ತಮ್ಮ ಲಂಗವನ್ನು ಬಿಚ್ಚಿ, ಎರಡು ಸುತ್ತು ಎಲಾಸ್ಟಿಕ್ ಹಾಕಿದರು. ಎಳೆದು ಬಿಚ್ಚಲೆಂದು ಮುಂದೆ ಜೋತಾಡುತ್ತಿದ್ದ ಪಟ್ಟಿಯನ್ನು ಅಂದಗೆಡುತ್ತದೆಂದು, ಬೆರಳಗಲದ ತುದಿ ಮಾತ್ರ ಬಿಟ್ಟು, ಒಳಕ್ಕೆ ಮಡಚಿ ಹೊಲಿದುಬಿಟ್ಟರು.

ಫೆಬ್ರವರಿಯ ಮೊದಲ ಭಾನುವಾರ ಮಲ್ಪೆಯ ಕಡಲಿಗಿಳಿಯುವುದೆಂದು ಗೊತ್ತಾಗಿತ್ತು. ಬೇಕೆಂದೇ ದೋಣಿ ಮಗುಚಿ, ನೀರೊಳಗೆ ಪಟ್ಟಿ ಎಳೆದು ಲಂಗ ಬಿಡಿಸಿಕೊಂಡು, ತಾವೇ ಮೇಲೆ ಬಂದವರಿಗೆ ಮಾತ್ರ ಕಡಲು ಎಂದು ಮಾಸ್ತರು ಹೇಳಿದ್ದರು. ಗಿರಿಜಾಂಬಾ ಸಮುದ್ರ ಕಂಡದ್ದು ಒಂದೇ ಸಲ, ಗೋಕರ್ಣಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ. ಅವರಿಗೆ ಹೋಗಲೇಬೇಕಿತ್ತು.

ಜನವರಿಯ ಮೂರನೆಯ ಭಾನುವಾರ ಅವರ ಸರದಿ ಬಂತು. ದೋಣಿ ಮಗುಚಿತು. ತಲೆಕೆಳಗಾಗಿ, ಕೊರೆಯುವ ನೀರಿನಲ್ಲಿ ಅವರ ಕೈ ಪಟ್ಟಿಯನ್ನು ಹುಡುಕಿತು. ಸಿಗಲಿಲ್ಲ. ಮಾಸ್ತರು ಈಜಿ ಬಂದು ದೋಣಿಯನ್ನು ತಿರುಗಿಸಿ ಎತ್ತಿದಾಗ ಅವರ ತುಟಿ ನೀಲಿಗಟ್ಟಿತ್ತು.

ಮಾಸ್ತರು ಒದ್ದೆ ಲಂಗವನ್ನು ಮಗುಚಿ ನೋಡಿದರು. “ಗಿರಿಜಮ್ಮ, ಹೊಲಿಗೆ ಚಿನ್ನದಂಥದ್ದು. ಆದ್ರೆ ಇದು ಮಳೆಕೊಪ್ಪೆ ಅಲ್ಲ ಮಾರಾಯ್ರೆ, ಬಿಚ್ಚೋಕೆ ಅಂತ್ಲೇ ಹೊಲಿಯೋದು.”

ಮುಂದಿನ ವಾರ ಅವರು ಕೆರೆಗೆ ಹೋಗಲಿಲ್ಲ. ಕಾಫಿ ಕೊಯ್ಲು ಮುಗಿಯುತ್ತ ಬಂದಿತ್ತು. ತಿಂಗಳ ಕೊನೆಯ ಸೋಮವಾರದಿಂದ ಕಾಫಿ ಹೂ ಅರಳಲು ನೀರು ಚಿಮುಕಿಸುವ ಸ್ಪ್ರಿಂಕ್ಲರಿಗೆ ಕೆರೆಯ ನೀರೆಲ್ಲ ಎತ್ತುವರೆಂದು ಸೌಮ್ಯ ಬಂದು ಹೇಳಿಹೋದಳು. ಉಳಿದದ್ದು ಒಂದೇ ಭಾನುವಾರ.

ಅಂದೇ ಗಿರಿಜಾಂಬಾ ಹೊಲಿಗೆ ಕೀಳತೊಡಗಿದರು. ಒಂದು ಸುತ್ತು ಎಲಾಸ್ಟಿಕ್ ತೆಗೆದರು. ಗೇಣುದ್ದದ ಕೆಂಪು ಪಟ್ಟಿ ಹೊರಗೆ ಬಿಟ್ಟು, ಕೈಗೆ ಸಿಗಲೆಂದು ತುದಿಗೆ ಹಳೆಯ ಕೋಟಿನ ಮರದ ಗುಂಡಿ ಹಾಕಿದರು. ಅಂಗಡಿಯ ಒಳಕೋಣೆಯಲ್ಲಿ ಬಟ್ಟೆ ನೆನೆಸುವ ಟಬ್ಬಿನೊಳಗೆ ಕೂತು, ಲಂಗವನ್ನು ಅದರ ಅಂಚಿಗೆ ಬಿಗಿದು, ಕಣ್ಣು ಮುಚ್ಚಿ ಎಳೆದರು. ಮತ್ತೆ ಬಿಗಿದರು, ಮತ್ತೆ ಎಳೆದರು.

ಗಂಡ ಹಾಲೇಶ್ ಬಾಗಿಲಲ್ಲಿ ನಿಂತು ನೋಡಿದರು. “ಗಿರಾಕಿ ಬಂದ್ರೆ ಏನ್ ಹೇಳ್ಲಿ? ಯಜಮಾನ್ತಿ ಟಬ್ಬಲ್ಲಿ ಕೂತಿದಾಳೆ ಅನ್ಲಾ?”

“ಕಡಲಿಗೆ ಹೋಗಿದಾಳೆ ಅನ್ನಿ.”

ಭಾನುವಾರ ಏರಿಯ ಮೇಲೆ ಪಂಪ್‌ಸೆಟ್ ಆಗಲೇ ಬಂದು ಕೂತಿತ್ತು. ಗಿರಿಜಾಂಬಾ ದಡದಿಂದ ತುಸು ದೂರ ಹುಟ್ಟು ಹಾಕಿ, ಉಸಿರೆಳೆದು, ಎಡಕ್ಕೆ ವಾಲಿದರು. ದೋಣಿಯ ಬೆನ್ನು ಮೇಲಾಯಿತು. ಮಾಸ್ತರು ನೀರಲ್ಲಿ ಎದೆಮಟ್ಟ ನಿಂತು ಕಾಯುತ್ತಿದ್ದರು. ಅವರು ಒಂದು ಹೆಜ್ಜೆ ಮುಂದಿಡುವಷ್ಟರಲ್ಲಿ ನೀರಿನಿಂದ ಮೊದಲು ಒಂದು ಕೈ ಮೇಲೆದ್ದಿತು, ಮುಷ್ಟಿಯಲ್ಲಿ ಮರದ ಗುಂಡಿ. ಹಿಂದೆಯೇ ತಲೆ.

ಏರಿಯಲ್ಲಿದ್ದವರು ಶಿಳ್ಳೆ ಹಾಕಿದರು. “ಮಗುಚಿದ್ರು! ಮುಂದಿನ ವಾರ ಕಡುಬು!” ಎಂದು ಸೌಮ್ಯ ಕೂಗಿದಳು. ಆಮೇಲೆ ನೆನಪಾಗಿ, “ಅಯ್ಯೋ, ಮುಂದಿನ ವಾರ ಕೆರೇನೇ ಇರಲ್ವಲ್ಲ” ಎಂದಳು.

ಗಿರಿಜಾಂಬಾ ದೋಣಿಯ ಮೂತಿ ಹಿಡಿದು ಕೆಮ್ಮುತ್ತಿದ್ದರು. ಕೆಮ್ಮು ನಿಂತ ಮೇಲೆ ಹೇಳಿದರು: “ಮಲ್ಪೆಗೇ ತರ್ತೀನಿ ಕಣೆ. ಕಾಯಿಚಟ್ನಿ ಮಾತ್ರ ಅಲ್ಲೇ ಅರ್ಯೋದು, ಹಳಸಿಬಿಡುತ್ತೆ.”